ಹುತ್ತದ ಲೆಕ್ಕ ಬೆಂಗಳೂರಿನ ಕಟ್ಟಡಕ್ಕೆ ಕೂಡುತ್ತದಾ?

ಪ್ರಶ್ನೆ: ಬೆಂಗಳೂರಿನಲ್ಲಿ ನಮ್ಮದೊಂದು 40x60 ಸೈಟ್ ಇದೆ, ರಸ್ತೆ ಪಶ್ಚಿಮಕ್ಕೆ. ಕೆಳಗಿನ ಎರಡು ಮಹಡಿ ಆಫೀಸಿಗೆ ಬಾಡಿಗೆ ಕೊಟ್ಟು, ಮೇಲಿನ ಎರಡರಲ್ಲಿ ನಾವೇ ಇರೋಣ ಅಂತ ಯೋಚನೆ. ಮುಂದೆ ಪೂರ್ತಿ ಗಾಜು ಹಾಕಿ ಸೆಂಟ್ರಲ್ ಎಸಿ ಮಾಡಿಸಿದರೆ ಒಳ್ಳೆ ಬಾಡಿಗೆ ಬರುತ್ತದೆ ಎನ್ನುತ್ತಾರೆ ನಮ್ಮ ಎಂಜಿನಿಯರ್. ಆರ್ಕಿಟೆಕ್ಚರ್ ಓದುತ್ತಿರುವ ಮಗಳು ಒಪ್ಪುತ್ತಿಲ್ಲ. ಆಫ್ರಿಕಾದಲ್ಲಿ ಗೆದ್ದಲಿನ ಹುತ್ತ ನೋಡಿ ಕಟ್ಟಿದ ದೊಡ್ಡ ಕಟ್ಟಡ ಇದೆಯಂತೆ, ಅದಕ್ಕೆ ಎಸಿಯೇ ಇಲ್ಲವಂತೆ, ನಾವೂ ಹಾಗೇ ಮಾಡೋಣ ಎನ್ನುತ್ತಾಳೆ. ಇದು ನಿಜವಾ? ನಮ್ಮಂಥವರ ಕಟ್ಟಡಕ್ಕೆ ಆಗುತ್ತಾ?

ಉತ್ತರ: ನಿಮ್ಮ ಮಗಳು ಹೇಳಿದ್ದು ನಿಜ. ಒಂದೆರಡು ಕಡೆ ತಿದ್ದಬೇಕು, ಆದರೆ ನಿಮ್ಮ ಸೈಟಿಗೆ ಅವಳ ಮಾತೇ ಹತ್ತಿರ.

ಆ ಕಟ್ಟಡ ಇರುವುದು ಜಿಂಬಾಬ್ವೆಯ ರಾಜಧಾನಿ ಹರಾರೆಯಲ್ಲಿ. ಹೆಸರು ಈಸ್ಟ್‌ಗೇಟ್ ಸೆಂಟರ್. ವಿನ್ಯಾಸ ಮಾಡಿದವರು ಮಿಕ್ ಪಿಯರ್ಸ್, ಜೊತೆಗೆ ಅರೂಪ್ ಸಂಸ್ಥೆಯ ಎಂಜಿನಿಯರುಗಳು. ತೆರೆದದ್ದು 1996ರಲ್ಲಿ. ಒಂಬತ್ತು ಮಹಡಿಯ ಎರಡು ಉದ್ದ ಕಟ್ಟಡ ಅಕ್ಕಪಕ್ಕ ನಿಂತಿವೆ, ನಡುವೆ ಗಾಜಿನ ಸೂರಿನ ದೊಡ್ಡ ಅಂಗಳ. ತಾರಸಿಯ ಮೇಲೆ ಸಾಲಾಗಿ 48 ಇಟ್ಟಿಗೆ ಚಿಮಣಿಗಳು. ಹೊರಗಿನ ಗೋಡೆಯಲ್ಲಿ ಗಾಜಿನ ಪಾಲು ಕಾಲು ಭಾಗವನ್ನು ದಾಟದ ಹಾಗೆ ನೋಡಿಕೊಂಡಿದ್ದಾರೆ. ಮಹಡಿಗಳ ನೆಲ ಪೊಳ್ಳಾಗಿದೆ, ಆ ಪೊಳ್ಳಿನೊಳಗೆ ಕಾಂಕ್ರೀಟಿನ ಹಲ್ಲುಗಳು. ರಾತ್ರಿ ಹೊರಗಿನ ತಣ್ಣನೆ ಗಾಳಿಯನ್ನು ಫ್ಯಾನುಗಳು ಜೋರಾಗಿ ಈ ಹಲ್ಲುಗಳ ನಡುವೆ ಓಡಿಸುತ್ತವೆ, ಕಾಂಕ್ರೀಟ್ ಬೆಳಗಿನ ಹೊತ್ತಿಗೆ ತಣ್ಣಗಾಗಿರುತ್ತದೆ. ಹಗಲು ಅದೇ ದಾರಿಯಲ್ಲಿ ಗಾಳಿಯನ್ನು ನಿಧಾನವಾಗಿ ಬಿಟ್ಟರೆ ಅದು ತಂಪಾಗಿ ಜನರ ಹತ್ತಿರ ಬರುತ್ತದೆ, ಬಿಸಿಯಾದ ಮೇಲೆ ಚಿಮಣಿ ಹತ್ತಿ ಹೊರಗೆ ಹೋಗುತ್ತದೆ.

ಮೊದಲ ತಿದ್ದುಪಡಿ ಇಲ್ಲೇ. ಎಸಿ ಇಲ್ಲ ಎನ್ನುವುದು ಸರಿ, ಆದರೆ ಫ್ಯಾನ್ ಇವೆ, ಅವು ಕರೆಂಟಿನಲ್ಲೇ ಓಡುತ್ತವೆ. ಶೇ 90 ವಿದ್ಯುತ್ ಉಳಿತಾಯ ಅಂತ ಎಲ್ಲ ಕಡೆ ಓಡಾಡುವ ಅಂಕಿ ಗಾಳಿ ಆಡಿಸುವ ಖರ್ಚಿಗೆ ಮಾತ್ರ ಸಂಬಂಧಿಸಿದ್ದು. ದೀಪ, ಲಿಫ್ಟ್, ಕಂಪ್ಯೂಟರ್ ಎಲ್ಲ ಸೇರಿಸಿ, ಅದೇ ಊರಿನಲ್ಲಿ ಪೂರ್ತಿ ಎಸಿ ಇರುವ ಆರು ಕಟ್ಟಡಗಳ ಸರಾಸರಿಗೆ ಹೋಲಿಸಿದಾಗ ಉಳಿತಾಯ ಸುಮಾರು ಶೇ 35. ನನ್ನ ಪ್ರಕಾರ ಇದೂ ಬಹಳ ದೊಡ್ಡದು. ಎಸಿ ಯಂತ್ರಗಳನ್ನು ತರಿಸದೆ ಕಟ್ಟುವಾಗಲೇ ಸುಮಾರು 35 ಲಕ್ಷ ಡಾಲರ್ ಉಳಿದಿತ್ತು.

ಎರಡನೆಯ ತಿದ್ದುಪಡಿ ಹುತ್ತದ ಬಗ್ಗೆ. ನನಗೆ ತುಂಬ ಇಷ್ಟವಾದ ಭಾಗ ಇದು, ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಪಿಯರ್ಸ್ ಕಟ್ಟುವ ಕಾಲಕ್ಕೆ ಎಲ್ಲರೂ ನಂಬಿದ್ದು ಹೀಗೆ: ಗೂಡಿನ ಬಿಸಿ ಗಾಳಿ ಮೇಲಕ್ಕೇರುತ್ತದೆ, ಕೆಳಗಿಂದ ತಂಪು ಗಾಳಿ ಒಳಗೆ ಬರುತ್ತದೆ, ಹಾಗಾಗಿ ಹುತ್ತದ ಒಳಗೆ ಯಾವಾಗಲೂ ಒಂದೇ ಹದ. ಆಮೇಲೆ ಸ್ಕಾಟ್ ಟರ್ನರ್ ಮತ್ತು ರೂಪರ್ಟ್ ಸೋರ್ ಎಂಬಿಬ್ಬರು ನಮೀಬಿಯಾದ ಹುತ್ತಗಳಲ್ಲಿ ಅಳತೆ ಮಾಡಿ, ಇದು ಹಾಗಲ್ಲ ಅಂತ 2008ರಲ್ಲಿ ಬರೆದರು. ಗೂಡು ಇರುವುದು ನೆಲದ ಮಟ್ಟದಲ್ಲಿ ಇಲ್ಲವೇ ಅದರ ಕೆಳಗೆ. ಅದರ ಬಿಸಿ ಸುತ್ತಲಿನ ಮಣ್ಣಿನ ಬಿಸಿಯನ್ನೇ ಹಿಂಬಾಲಿಸುತ್ತದೆ, ಬೇಸಿಗೆಗೆ ಏರಿ ಚಳಿಗಾಲಕ್ಕೆ ಇಳಿಯುತ್ತದೆ. ಮೇಲೆ ಎದ್ದು ನಿಂತ ಮಣ್ಣಿನ ಗೋಪುರದ ಕೆಲಸ ಬೇರೆ. ಅದು ಶ್ವಾಸಕೋಶ. ಗೂಡಿನಲ್ಲಿ ಲಕ್ಷಗಟ್ಟಲೆ ಹುಳು ಉಸಿರಾಡುತ್ತವೆ, ಅವು ಬೆಳೆಸುವ ಶಿಲೀಂಧ್ರದ ತೋಟವೂ ಉಸಿರಾಡುತ್ತದೆ (ಮಳೆಗಾಲದ ಶುರುವಿಗೆ ಹುತ್ತದ ಮೇಲೆ ಏಳುವ ಅಣಬೆ ನೋಡಿದ್ದೀರಲ್ಲ, ಅದು ಈ ತೋಟದ್ದೇ). ಆ ಕೆಟ್ಟ ಗಾಳಿ ಹೊರಗೆ ಹೋಗಬೇಕು, ಒಳ್ಳೆಯದು ಒಳಗೆ ಬರಬೇಕು.

ಇನ್ನೊಂದು ಅಳತೆ ನಮ್ಮ ಬೆಂಗಳೂರಿನಲ್ಲೇ ನಡೆಯಿತು. ಜೀವವಿಜ್ಞಾನ ಸಂಶೋಧನಾ ಕೇಂದ್ರವಾದ ಎನ್‌ಸಿಬಿಎಸ್ ಆವರಣದ ಹುತ್ತಗಳಲ್ಲಿ ಹಂಟರ್ ಕಿಂಗ್, ಸ್ಯಾಮ್ಯುಯೆಲ್ ಒಕೊ ಮತ್ತು ಹಾರ್ವರ್ಡ್‌ನ ಎಲ್. ಮಹಾದೇವನ್ ಸಣ್ಣ ಸಣ್ಣ ಸೆನ್ಸರ್ ಇಳಿಸಿ ಒಳಗಿನ ಗಾಳಿ ಯಾವ ಕಡೆ ಹರಿಯುತ್ತದೆ ಅಂತ ನೋಡಿದರು, 2015ರಲ್ಲಿ ಪ್ರಕಟಿಸಿದರು. ನಮ್ಮ ಕಡೆಯ ಹುತ್ತ ಹೇಗಿರುತ್ತದೆ ನೆನಪಿಸಿಕೊಳ್ಳಿ. ನಡುವೆ ದಪ್ಪ ಕಂಬ, ಸುತ್ತ ಸೀರೆಯ ನೆರಿಗೆಯ ಹಾಗೆ ಮಡಿಕೆ ಮಡಿಕೆ. ಹಗಲು ಬಿಸಿಲಿಗೆ ತೆಳ್ಳಗಿನ ನೆರಿಗೆಗಳು ಮೊದಲು ಕಾಯುತ್ತವೆ, ಅವುಗಳೊಳಗಿನ ಗಾಳಿ ಮೇಲೇರಿ ನಡುವಿನ ಕೊಳವೆಯಲ್ಲಿ ಕೆಳಗಿಳಿಯುತ್ತದೆ. ರಾತ್ರಿ ನೆರಿಗೆ ಬೇಗ ತಣ್ಣಗಾಗುತ್ತದೆ, ನಡುಭಾಗ ಇನ್ನೂ ಬೆಚ್ಚಗಿರುತ್ತದೆ, ಹರಿವು ತಿರುಗುಮುರುಗಾಗುತ್ತದೆ. ಹಗಲೆಲ್ಲ ಗೂಡಿನಲ್ಲಿ ಸೇರಿದ ಕೆಟ್ಟ ಗಾಳಿ ರಾತ್ರಿ ಖಾಲಿಯಾಗುತ್ತದೆ. ಕಣ್ಣಿಗೆ ಕಾಣುವಂಥ ಬಾಗಿಲು, ಕಿಟಕಿ ಒಂದೂ ಇಲ್ಲ, ಗಾಳಿ ಸೂಕ್ಷ್ಮ ರಂಧ್ರಗಳಿರುವ ಮಣ್ಣಿನ ಗೋಡೆಯ ಮೂಲಕವೇ ಓಡಾಡುತ್ತದೆ. ಈ ಏರ್ಪಾಡೆಲ್ಲ ನಡೆಯುವುದು ಹಗಲು ರಾತ್ರಿಯ ಬಿಸಿಯ ವ್ಯತ್ಯಾಸ ಒಂದರಿಂದಲೇ.

ಇಷ್ಟುದ್ದ ಯಾಕೆ ಹೇಳಿದೆ ಅಂದರೆ, ನಿಮ್ಮ ಕಟ್ಟಡಕ್ಕೆ ಬೇಕಾದದ್ದು ಇದೇ. ತಂಪು ಸಿಗುವುದು ದಪ್ಪ ಮಣ್ಣಿನಿಂದ, ಉಸಿರು ಸಿಗುವುದು ಗೋಪುರದಿಂದ, ಎರಡನ್ನೂ ನಡೆಸುವುದು ಹಗಲು ರಾತ್ರಿಯ ಅಂತರ. ಪಿಯರ್ಸ್ ಎರಡನ್ನೂ ಒಂದೇ ಅಂದುಕೊಂಡು ಕಟ್ಟಿದರು, ಆದರೂ ಕಟ್ಟಡ ಕೆಲಸ ಮಾಡಿತು, ಯಾಕೆಂದರೆ ಹರಾರೆ ಸಮುದ್ರಮಟ್ಟದಿಂದ ಸುಮಾರು 1,500 ಮೀಟರ್ ಎತ್ತರದ ಊರು, ಅಲ್ಲಿ ಸಂಜೆಯಾದರೆ ತಂಪು ಇಳಿಯುತ್ತದೆ. ಬೆಂಗಳೂರು 900 ಮೀಟರಿಗಿಂತ ಮೇಲಿದೆ. ಏಪ್ರಿಲ್‌ನಲ್ಲೂ ಹಗಲು 34 ಡಿಗ್ರಿ ಇದ್ದರೆ ಬೆಳಗಿನ ಜಾವ ಸುಮಾರು 22. ಈ 12 ಡಿಗ್ರಿ ನಮಗೆ ಪುಕ್ಕಟೆ ಸಿಗುವ ಎಸಿ. ನಾವು ಮಾಡುವುದು ಏನು? ರಾತ್ರಿ ಎಲ್ಲ ಕಿಟಕಿ ಮುಚ್ಚಿ ಬೀಗ ಹಾಕಿಕೊಂಡು ಹೋಗಿ, ಬೆಳಿಗ್ಗೆ ಬಂದು ಎಸಿ ಹಾಕುತ್ತೇವೆ.

ಒಂದು ಲೆಕ್ಕ ಮಾಡೋಣ. ಒಂದು ಘನ ಮೀಟರ್ ಕಾಂಕ್ರೀಟ್ ಒಂದು ಡಿಗ್ರಿ ಏರಲು ಹೀರುವ ಶಾಖ ಅಷ್ಟೇ ಗಾಳಿ ಹೀರುವುದಕ್ಕಿಂತ ಸುಮಾರು 1,700 ಪಟ್ಟು ಜಾಸ್ತಿ. ನಿಮ್ಮ ಆಫೀಸಿನ ಮೇಲಿನ ಸ್ಲ್ಯಾಬ್ 6 ಇಂಚು ದಪ್ಪ, ಸಾವಿರ ಚದರಡಿ ಅಂತ ಇಟ್ಟುಕೊಳ್ಳಿ. ರಾತ್ರಿ ಗಾಳಿಗೆ ಅದು 3 ಡಿಗ್ರಿ ತಣ್ಣಗಾದರೆ ಮಾರನೆಯ ದಿನ ಸುಮಾರು 25 ಯೂನಿಟ್ ಶಾಖ ಹೀರಿಕೊಳ್ಳಬಲ್ಲದು. ಸುಮ್ನೆ ಕೂತ ಒಬ್ಬ ಮನುಷ್ಯ ಸುಮಾರು 100 ವ್ಯಾಟ್ ಶಾಖ ಬಿಡುತ್ತಾನೆ. 20 ಜನ 8 ಗಂಟೆ ಕೂತರೆ 16 ಯೂನಿಟ್. ಅಂದರೆ ಜನ ಬಿಡುವ ಶಾಖವನ್ನು ಸ್ಲ್ಯಾಬ್ ಒಂದೇ ನುಂಗಿ, ಕಂಪ್ಯೂಟರುಗಳಿಗೂ ಸ್ವಲ್ಪ ಜಾಗ ಉಳಿಸುತ್ತದೆ.

ಆದರೆ ಇದಾಗಬೇಕಾದರೆ ಸ್ಲ್ಯಾಬ್ ಕೋಣೆಗೆ ಮುಖ ಕೊಟ್ಟಿರಬೇಕು. ಇಲ್ಲೇ ನೂರಕ್ಕೆ ತೊಂಬತ್ತು ಜನ ಎಡವುವುದು. ಫಾಲ್ಸ್ ಸೀಲಿಂಗ್ ಹಾಕಿದ ದಿನ ಸ್ಲ್ಯಾಬಿಗೂ ಕೋಣೆಗೂ ನಡುವೆ ಜಿಪ್ಸಮ್ ಹಲಗೆ ಬಂದು ನಿಲ್ಲುತ್ತದೆ, ಸ್ಲ್ಯಾಬಿನ ತಂಪು ಮೇಲೆಯೇ ಉಳಿಯುತ್ತದೆ, ಕೆಳಗಿನವರಿಗೆ ಎಸಿ ಬೇಕಾಗುತ್ತದೆ. ದಯವಿಟ್ಟು ಆಫೀಸಿನ ಮಹಡಿಗಳಿಗೆ ಪೂರ್ತಿ ಫಾಲ್ಸ್ ಸೀಲಿಂಗ್ ಮಾಡಿಸಬೇಡಿ. ವೈರು, ಪೈಪು ಮುಚ್ಚಬೇಕಾದರೆ ಗೋಡೆಯ ಅಂಚಿಗೆ ಎರಡಡಿ ಪಟ್ಟಿ ಸಾಕು. ನಡುವೆ ಸ್ಲ್ಯಾಬಿಗೆ ಬಿಳಿ ಬಣ್ಣ ಹೊಡೆದು ಬಿಡಿ, ಫ್ಯಾನ್ ತೂಗಿಸಿ. ಗಾಳಿ ಮೈಗೆ ತಾಗುತ್ತಿದ್ದರೆ ಎರಡು ಡಿಗ್ರಿ ಜಾಸ್ತಿ ಇದ್ದರೂ ಜನರಿಗೆ ಸೆಕೆ ಅನ್ನಿಸುವುದಿಲ್ಲ. ಕಡಿಮೆ ಕರೆಂಟ್ ತಿನ್ನುವ ಹೊಸ ಬಿಎಲ್‌ಡಿಸಿ ಫ್ಯಾನ್ ಮೂವತ್ತು ವ್ಯಾಟ್ ಆಸುಪಾಸಿನಲ್ಲಿ ತಿರುಗುತ್ತದೆ, ಒಂದೂವರೆ ಟನ್ ಎಸಿಗೆ ಸಾವಿರದೈನೂರು ವ್ಯಾಟ್ ಹತ್ತಿರ ಬೇಕು.

ಈಗ ಗಾಜಿನ ವಿಷಯ. ಪಶ್ಚಿಮಕ್ಕೆ ಗಾಜು ಅಂದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಏಪ್ರಿಲ್ ತಿಂಗಳ ಸಂಜೆ ನಾಲ್ಕಕ್ಕೆ ಪಶ್ಚಿಮದ ಒಂದು ಚದರ ಮೀಟರ್ ಸಾದಾ ಗಾಜಿನಿಂದ ಒಳಗೆ ಬರುವ ಶಾಖ ಸುಮಾರು 500 ವ್ಯಾಟ್, ಐದು ಜನರಷ್ಟು. ನಿಮ್ಮ ಕಟ್ಟಡದ ಮುಖ 30 ಅಡಿ ಅಗಲ, ಆಫೀಸಿನ ಎರಡು ಮಹಡಿ ಸೇರಿ 20 ಅಡಿ ಎತ್ತರ ಅಂದುಕೊಂಡರೆ ಗಾಜು 55 ಚದರ ಮೀಟರ್. ಅಂದರೆ ದಿನಾ ಮಧ್ಯಾಹ್ನದ ಮೇಲೆ ಕರೆಯದೆ ಬಂದ ಇನ್ನೂರೈವತ್ತಕ್ಕೂ ಹೆಚ್ಚು ಜನ ನಿಮ್ಮ ಆಫೀಸಿನಲ್ಲಿ ಕೂತ ಹಾಗೆ. ಮೇಲೆ ಹೇಳಿದ ಸ್ಲ್ಯಾಬಿನ 25 ಯೂನಿಟ್ ಒಂದೇ ಗಂಟೆಯಲ್ಲಿ ಮುಗಿದುಹೋಗುತ್ತದೆ. ಹೆಚ್ಚು ಬೆಲೆಯ ಗಾಜು ಹಾಕಿದರೆ ಇದು ಅರ್ಧಕ್ಕಿಂತ ಕೆಳಗೆ ಇಳಿಯಬಹುದು, ಆದರೂ ನೂರು ಜನ ಉಳಿದೇ ಉಳಿಯುತ್ತಾರೆ.

ಹೋದ ಬೇಸಿಗೆಯಲ್ಲಿ ಇಂಥ ಒಂದು ಆಫೀಸಿಗೆ ಸಲಹೆ ಕೊಡಲು ಹೋಗಿದ್ದೆ. ಮಧ್ಯಾಹ್ನ ಮೂರು ಗಂಟೆ, ಹೊರಗೆ ಕಣ್ಣು ಕುಕ್ಕುವ ಬೆಳಕು. ಒಳಗೆ ಬ್ಲೈಂಡ್ಸ್ ಎಲ್ಲ ಕೆಳಗಿಳಿಸಿ ಲೈಟ್ ಹಾಕಿಕೊಂಡಿದ್ದರು. ಗಾಜಿನ ಪಕ್ಕದ ಸಾಲಿನವರು ಬ್ಲೈಂಡ್ಸ್ ಸಂದಿಗೆ ರಟ್ಟಿನ ಪೆಟ್ಟಿಗೆ ಹರಿದು ಟೇಪ್ ಹಚ್ಚಿದ್ದರು. ಅಲ್ಲಿಂದ ಹದಿನೈದಡಿ ಆಚೆ, ಎಸಿ ಬಾಯಿಯ ಕೆಳಗೆ ಕೂತ ಹುಡುಗಿ ಸ್ವೆಟರ್ ಹಾಕಿಕೊಂಡು ಟೈಪ್ ಮಾಡುತ್ತಿದ್ದಳು. ಗಾಜಿಗೆ ದುಡ್ಡು, ಅದನ್ನು ಮುಚ್ಚಲು ದುಡ್ಡು, ಕತ್ತಲಾಯಿತು ಅಂತ ಲೈಟಿಗೆ ದುಡ್ಡು, ಬಿಸಿಯಾಯಿತು ಅಂತ ಎಸಿಗೆ ದುಡ್ಡು.

ಪಶ್ಚಿಮದ ಸೂರ್ಯ ಓರೆಯಾಗಿ ಬರುವುದರಿಂದ ಕಿಟಕಿ ಮೇಲಿನ ಸಜ್ಜಾ ಅಲ್ಲಿ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ. ಗೋಡೆಯಿಂದ ಹೊರಚಾಚಿ ನಿಂತ ಫಿನ್‌ಗಳು (ಕಿರಿದಾದ ಹಲಗೆಗಳು) ಬೇಕು, ಇಲ್ಲವೇ ಜಾಲಿ (ತೂತು ತೂತಾದ ಗೋಡೆ). ಈಸ್ಟ್‌ಗೇಟ್ ಗೋಡೆಗಳ ಮೇಲೂ ಕಳ್ಳಿ ಗಿಡದ ಮುಳ್ಳಿನ ಹಾಗೆ ಚಾಚಿದ ಕಾಂಕ್ರೀಟ್ ತುಣುಕುಗಳಿವೆ. ಹಗಲು ಒಂದರ ನೆರಳು ಇನ್ನೊಂದರ ಮೇಲೆ ಬೀಳುತ್ತದೆ, ರಾತ್ರಿ ಹೆಚ್ಚಿದ ಮೈಯಿಂದ ಶಾಖ ಬೇಗ ಆಕಾಶಕ್ಕೆ ಹೋಗುತ್ತದೆ. ನಮ್ಮಲ್ಲಿ ಟೆರಾಕೋಟಾ ಜಾಲಿ ಸುಲಭವಾಗಿ ಸಿಗುತ್ತದೆ, ಗೋಡೆಯಿಂದ ಎರಡಡಿ ಮುಂದೆ ಅದನ್ನು ಕಟ್ಟಿಸಿದರೆ ಬಿಸಿಲು ಜಾಲಿಗೆ ತಾಗಿ ನಿಲ್ಲುತ್ತದೆ, ಗಾಳಿ ನಡುವೆ ಓಡಾಡುತ್ತದೆ. ಮುಖ ಚೆನ್ನಾಗಿ ಕಾಣಬೇಕು ಎನ್ನುವ ನಿಮ್ಮ ಎಂಜಿನಿಯರ್ ಆಸೆಯೂ ಈಡೇರುತ್ತದೆ. ರಸ್ತೆ ಕಡೆ ಜಾಗ ಇದ್ದರೆ ಒಂದೆರಡು ಹೊಂಗೆ ಗಿಡ ಇವತ್ತೇ ನೆಡಿ, ಕಟ್ಟಡ ಏಳುವುದನ್ನು ಕಾಯಬೇಡಿ. ಬೆಂಗಳೂರಿನ ರಸ್ತೆಗಳನ್ನು ಅಳೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮರಗಳಿರುವ ರಸ್ತೆಯಲ್ಲಿ ಮಧ್ಯಾಹ್ನದ ಗಾಳಿ 5.6 ಡಿಗ್ರಿವರೆಗೆ, ರಸ್ತೆಯ ಮೈ 27.5 ಡಿಗ್ರಿವರೆಗೆ ತಂಪಾಗಿದ್ದದ್ದು ಕಂಡಿದೆ.

ಇನ್ನು ಗೋಪುರ, ಅಂದರೆ ಚಿಮಣಿ. ಅದು ಹೇಗೆ ಕೆಲಸ ಮಾಡುತ್ತದೆ ಅಂತ ಯಾವುದೇ ಮನೆಯ ಮೆಟ್ಟಿಲ ಗೂಡೇ ತೋರಿಸುತ್ತದೆ. ಬೇಸಿಗೆ ಮಧ್ಯಾಹ್ನ ತಾರಸಿಗೆ ಹೋಗಲು ಮೇಲಿನ ಬಾಗಿಲು ತೆಗೆಯುವಾಗ ಮುಖಕ್ಕೆ ರಪ್ಪನೆ ಬಿಸಿ ಹೊಡೆಯುತ್ತದೆ, ಅಲ್ವಾ? ಇಡೀ ಮನೆಯ ಬಿಸಿ ಗಾಳಿ ಹತ್ತಿ ಬಂದು, ಹೋಗಲು ದಾರಿಯಿಲ್ಲದೆ ಅಲ್ಲಿ ನಿಂತಿರುತ್ತದೆ. ತಾರಸಿಯ ಮೇಲಿನ ಹೆಡ್ ರೂಮನ್ನು ಮೂರಡಿ ಎತ್ತರಿಸಿ, ನಾಲ್ಕೂ ಕಡೆ ಮಳೆ ಬೀಳದ ಹಾಗೆ ಲೂವರ್ (ಓರೆ ಪಟ್ಟಿಗಳ ಕಿಂಡಿ) ಇಡಿಸಿ. ಅದರ ಮೇಲ್ಭಾಗಕ್ಕೆ ಬಿಸಿಲು ಬಿದ್ದಷ್ಟೂ ಒಳ್ಳೆಯದು, ಕಾದಷ್ಟೂ ಎಳೆತ ಹೆಚ್ಚು. ಪ್ರತಿ ಮಹಡಿಯಲ್ಲೂ ಪೂರ್ವ, ಉತ್ತರದ ಕಡೆ ಕೆಳಗೊಂದು ಕಿಟಕಿ, ಮೆಟ್ಟಿಲ ಕಡೆಯ ಗೋಡೆಯಲ್ಲಿ ಸೂರಿನ ಹತ್ತಿರ ವೆಂಟಿಲೇಟರ್. ಒಂದು ಎಚ್ಚರಿಕೆ ಮಾತ್ರ ಗಂಭೀರವಾಗಿ ತೆಗೆದುಕೊಳ್ಳಿ: ಗಾಳಿ ಎಳೆಯುವ ಗೂಡು ಬೆಂಕಿ ಬಿದ್ದಾಗ ಹೊಗೆಯನ್ನೂ ಎಳೆಯುತ್ತದೆ. ಕೆಳಗೆ ಬಾಡಿಗೆ ಆಫೀಸು, ಮೇಲೆ ನೀವು. ಅದಕ್ಕೇ ಮೆಟ್ಟಿಲನ್ನೇ ಚಿಮಣಿ ಮಾಡುವ ಬದಲು ಅದರ ಪಕ್ಕ ಮೂರಡಿ ಅಗಲದ ಬೇರೆಯೇ ಡಕ್ಟ್ (ಗಾಳಿ ಮೇಲೇರುವ ಕೊಳವೆ) ಮಾಡಿಸಿ, ಈ ಲೂವರ್, ವೆಂಟಿಲೇಟರ್ ಅದಕ್ಕೇ ಬರಲಿ, ಮೆಟ್ಟಿಲಿಗೆ ಬಾಗಿಲು ಇರಲಿ ಎನ್ನುವುದು ನನ್ನ ಸಲಹೆ. ಆ ಡಕ್ಟಿಗೂ ಆಫೀಸಿಗೂ ನಡುವಿನ ವೆಂಟಿಲೇಟರ್ ಬೆಂಕಿಯ ಹೊತ್ತಿನಲ್ಲಿ ಮುಚ್ಚಿಕೊಳ್ಳುವಂಥದ್ದಾಗಿರಲಿ. ಸ್ವಲ್ಪ ಖರ್ಚು, ಆದರೆ ನಿದ್ದೆ ಚೆನ್ನಾಗಿ ಬರುತ್ತದೆ.

ಇದನ್ನು ಕಣ್ಣಾರೆ ನೋಡಬೇಕಾದರೆ ದೊಮ್ಮಲೂರಿನಲ್ಲಿರುವ, ಇಂಧನದ ಬಗ್ಗೆ ಸಂಶೋಧನೆ ಮಾಡುವ ಟೆರಿ ಸಂಸ್ಥೆಯ ಕಟ್ಟಡಕ್ಕೆ ಮಗಳನ್ನು ಕರೆದುಕೊಂಡು ಹೋಗಿ. ಅದನ್ನು ಕಟ್ಟಿದವರಿಗೊಂದು ಕಷ್ಟ ಇತ್ತು. ದಕ್ಷಿಣಕ್ಕೆ ದೊಡ್ಡ ಚರಂಡಿ, ಗಾಳಿ ಬೀಸುವುದೂ ಆ ಕಡೆಯಿಂದಲೇ. ಕಿಟಕಿ ಇಟ್ಟರೆ ಗಾಳಿಯ ಜೊತೆ ವಾಸನೆ. ಅವರು ದಕ್ಷಿಣಕ್ಕೆ ಕಿಟಕಿಯಿಲ್ಲದ ಜೋಡಿ ಗೋಡೆ ಎಬ್ಬಿಸಿ, ಹೊರಗೆ ಕಪ್ಪು ಕಡಪ ಕಲ್ಲು ಹೊದಿಸಿದರು. ಬಿಸಿಲಿಗೆ ಕಲ್ಲು ಕಾಯುತ್ತದೆ, ಎರಡು ಗೋಡೆಗಳ ನಡುವಿನ ಗಾಳಿ ಮೇಲೇಳುತ್ತದೆ, ಅದು ಒಳಗಿನ ಗಾಳಿಯನ್ನು ಎಳೆದುಕೊಳ್ಳುತ್ತದೆ, ಖಾಲಿಯಾದ ಜಾಗಕ್ಕೆ ಉತ್ತರದ ಒಳ್ಳೆಯ ಗಾಳಿ ಬರುತ್ತದೆ. ಬೆಂಗಳೂರಿನ ಹುತ್ತದ ನೆರಿಗೆ ಹಗಲು ಮಾಡುವ ಕೆಲಸವೂ ಇದೇ ಅಲ್ವಾ, ಹೊರಮೈ ಮೊದಲು ಕಾದು ಗಾಳಿಯನ್ನು ಎಬ್ಬಿಸುವುದು! ಟೆರಿ ಕಟ್ಟಡ ನೋಡಿದರೆ ಹುತ್ತ ನೆನಪಾಗುವುದಿಲ್ಲ, ಆದರೆ ಹುತ್ತದ ಬುದ್ಧಿ ಅದರಲ್ಲಿದೆ.

ನಿಮ್ಮ ಮಗಳಿಗೂ ಇದನ್ನೇ ಹೇಳಲು ಇಷ್ಟ. ಆರು ಮೂಲೆಯ ಜೇನುಗೂಡಿನ ಆಕಾರದಲ್ಲಿ ಎಸಿಪಿ ಶೀಟ್ (ಅಲ್ಯೂಮಿನಿಯಂ ಹೊದಿಕೆಯ ಹಲಗೆ) ಕತ್ತರಿಸಿ ಅಂಟಿಸಿ ಪ್ರಕೃತಿ ಪ್ರೇರಿತ ಅಂತ ಬೋರ್ಡ್ ಹಾಕಿದ ಕಟ್ಟಡಗಳು ಬೇಕಾದಷ್ಟಿವೆ. ಆಕಾರ ಕದ್ದರೆ ಕರೆಂಟ್ ಬಿಲ್ ಇಳಿಯುವುದಿಲ್ಲ. ಕೆಲಸ ಮಾಡುವ ರೀತಿಯನ್ನು ಕಲಿತದ್ದಕ್ಕೆ ಒಂದು ಚೆಂದದ ಉದಾಹರಣೆ ತಾವರೆ ಎಲೆ. ಅದಕ್ಕೆ ನೀರು ಅಂಟುವುದಿಲ್ಲ ಅಂತ ನಮಗೆ ಯಾವತ್ತಿನಿಂದಲೋ ಗೊತ್ತು. ಯಾಕೆ ಅಂತ ಬಿಡಿಸಿದವರು ಜರ್ಮನಿಯ ಸಸ್ಯವಿಜ್ಞಾನಿ ವಿಲ್‌ಹೆಲ್ಮ್ ಬಾರ್ತ್‌ಲಾಟ್. ಎಲೆಯ ಮೈಮೇಲೆ ಕಣ್ಣಿಗೆ ಕಾಣದ ಗುಬುಟುಗಳು, ಅದರ ಮೇಲೆ ಮೇಣ, ಹಾಗಾಗಿ ಹನಿ ಉರುಳುವಾಗ ಧೂಳನ್ನೂ ಹೊತ್ತೊಯ್ಯುತ್ತದೆ. ಆ ಗುಣದ ಗೋಡೆ ಬಣ್ಣ 1999ರಲ್ಲಿ ಮಾರುಕಟ್ಟೆಗೆ ಬಂತು. ಒಳ್ಳೆಯ ಬಣ್ಣ, ಆದರೆ ನಿಮ್ಮ ಸೆಕೆಗೂ ಅದಕ್ಕೂ ಸಂಬಂಧ ಇಲ್ಲ.

ಸೆಕೆಗೆ ಸಂಬಂಧ ಇರುವುದು ತಾರಸಿ. ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಯ ಹೊತ್ತಿಗೆ ಒಮ್ಮೆ, ಆಗಸ್ಟ್ ಮಧ್ಯಭಾಗದಲ್ಲಿ ಇನ್ನೊಮ್ಮೆ, ಹೀಗೆ ಎರಡು ಸಲ ಸೂರ್ಯ ನೆತ್ತಿಯ ಮೇಲೆ ನೇರ ಬರುತ್ತಾನೆ, ಆ ದಿನ ಮಧ್ಯಾಹ್ನ ಕಂಬದ ನೆರಳೇ ಬೀಳುವುದಿಲ್ಲ. ಹಾಗಾಗಿ ಜಾಸ್ತಿ ಬಿಸಿಲು ತಿನ್ನುವುದು ನೀವು ಮಲಗುವ ಕೋಣೆಯ ಸೂರು. ಸಹಾರಾ ಮರುಭೂಮಿಯ ಬೆಳ್ಳಿ ಇರುವೆ ಸುಡುವ ಮರಳಿನ ಮೇಲೆ ನಡುಮಧ್ಯಾಹ್ನ ಓಡಾಡುತ್ತದೆ. ಅದರ ಮೈಯ ಮುಕ್ಕೋನ ಕೂದಲು ಬಿಸಿಲನ್ನು ಹಿಂದಕ್ಕೆ ಎಸೆಯುತ್ತವೆ, ಮೈಯ ಶಾಖವನ್ನು ಆಕಾಶಕ್ಕೆ ಬಿಡಲೂ ನೆರವಾಗುತ್ತವೆ ಎಂದು 2015ರಲ್ಲಿ ಗೊತ್ತಾಯಿತು. ನಿಮ್ಮ ತಾರಸಿಗೆ ಬಿಳಿ ಟೈಲ್ಸ್ ಚೂರು ಹಾಸಿಸಿದರೂ, ಕೊನೆಗೆ ಪ್ರತಿ ಬೇಸಿಗೆಗೆ ಮೊದಲು ಸುಣ್ಣ ಬಳಿಸಿದರೂ ಇದೇ ಕೆಲಸ ಆಗುತ್ತದೆ.

ರಾತ್ರಿ ಕಿಟಕಿ ತೆಗೆದಿಟ್ಟರೆ ಕಳ್ಳರು, ಸೊಳ್ಳೆ, ಧೂಳು ಅಂತ ನೀವು ಕೇಳಿಯೇ ಕೇಳುತ್ತೀರಿ, ಕೇಳಬೇಕು ಕೂಡ. ಆಫೀಸಿನ ಮಹಡಿಗಳಿಗೆ ದೊಡ್ಡ ಕಿಟಕಿ ತೆಗೆದಿಡುವುದು ಬೇಡ. ಗ್ರಿಲ್ ಮತ್ತು ಮೆಶ್ ಇರುವ ಅಗಲವಾದ ವೆಂಟಿಲೇಟರುಗಳನ್ನು ಬೇರೆಯಾಗಿ ಇಡಿಸಿ (ಮೆಶ್ ಗಾಳಿಯನ್ನು ತಡೆಯುತ್ತದೆ, ಅದಕ್ಕೆ ಸ್ವಲ್ಪ ದೊಡ್ಡದೇ ಇರಲಿ), ಡಕ್ಟಿನ ಮೇಲ್ತುದಿಗೆ ಒಂದು ಎಕ್ಸಾಸ್ಟ್ ಫ್ಯಾನ್, ಅದಕ್ಕೆ ಟೈಮರ್. ರಾತ್ರಿ ಹತ್ತಕ್ಕೆ ಶುರು, ಬೆಳಿಗ್ಗೆ ಆರಕ್ಕೆ ಬಂದ್. ಬೆಳಿಗ್ಗೆ ಎಂಟಕ್ಕೆ ವೆಂಟಿಲೇಟರ್ ಅರ್ಧ ಮುಚ್ಚಲು ಯಾರಾದರೂ ಒಬ್ಬರಿಗೆ ಜವಾಬ್ದಾರಿ ಕೊಡಿ. ಹಗಲಿಡೀ ತೆರೆದಿಟ್ಟರೆ ರಾತ್ರಿ ಕೂಡಿಟ್ಟದ್ದೆಲ್ಲ ಹೋಯಿತು.

ಎಸಿ ಪೂರ್ತಿ ಬೇಡವಾ? ಮೀಟಿಂಗ್ ರೂಮು, ಸರ್ವರ್ ಇಡುವ ಕೋಣೆಗೆ ಸ್ಪ್ಲಿಟ್ ಎಸಿಗೆ ಪೈಪು, ವೈರು ಎಳೆಸಿಟ್ಟಿರಿ. ಏಪ್ರಿಲ್, ಮೇ ತಿಂಗಳ ಕೆಲವು ರಾತ್ರಿ ತಂಪೇ ಇಳಿಯುವುದಿಲ್ಲ, ಅಂಥ ದಿನಗಳಿಗೆ ಬೇಕು. ಸೆಂಟ್ರಲ್ ಎಸಿ ಮಾತ್ರ ಬೇಡ. ಆ ದುಡ್ಡಿನಲ್ಲಿ ಜಾಲಿ, ಡಕ್ಟ್, ಫ್ಯಾನ್ ಕಡೆ ಗಮನ ಕೊಡಿ. ಇನ್ನೊಂದು ಮಾತು. ನೀವು ಮಂಗಳೂರಿನಿಂದ ಕೇಳಿದ್ದರೆ ನನ್ನ ಉತ್ತರವೇ ಬೇರೆ ಇರುತ್ತಿತ್ತು. ಅಲ್ಲಿ ಬೇಸಿಗೆಯ ರಾತ್ರಿ 25ರ ಕೆಳಗೆ ಇಳಿಯುವುದೇ ಕಷ್ಟ, ಗಾಳಿಯಲ್ಲಿ ತೇವ ಬೇರೆ. ಕೂಡಿಡಲು ತಂಪೇ ಇಲ್ಲದ ಕಡೆ ದಪ್ಪ ಕಾಂಕ್ರೀಟ್ ಮಾಡುವುದೇನು? ಅಲ್ಲಿ ನೆರಳು, ಆಚೆಯಿಂದ ಈಚೆಗೆ ಬೀಸುವ ಗಾಳಿ, ಅಗಲ ಸೂರು, ಇವೇ ದಾರಿ. ಕಲಬುರಗಿಯ ಒಣ ಬಿಸಿಗೆ ನೀರು ಆರಿಸಿ ತಂಪು ಮಾಡುವ ಕೂಲರ್ ಚೆನ್ನಾಗಿ ಕೆಲಸ ಮಾಡುತ್ತದೆ.

ಪ್ಲಾನ್ ಮಂಜೂರಾತಿಗೆ ಕೊಡುವ ಮೊದಲು ಒಂದು ಕೆಲಸ ಮಾಡಿ. ದಿನದ ಗರಿಷ್ಠ, ಕನಿಷ್ಠ ಎರಡನ್ನೂ ತೋರಿಸುವ ಥರ್ಮಾಮೀಟರ್ ಒಂದು ತಂದು ಮಗಳ ಕೈಗೆ ಕೊಡಿ. ಸೈಟಿನ ಹತ್ತಿರದಲ್ಲೇ ನೆರಳಿರುವ ಕಡೆ ತೂಗುಹಾಕಿ ಬೇಸಿಗೆಯ ಎರಡು ವಾರ ಬರೆದಿಡಲಿ. ರಾತ್ರಿಯ ಕನಿಷ್ಠ ಹೆಚ್ಚಿನ ದಿನ 23ರ ಕೆಳಗೆ ಬಂದರೆ ಮೇಲೆ ಹೇಳಿದ್ದೆಲ್ಲ ನಿಮ್ಮ ಸೈಟಿಗೆ ಕೂಡುತ್ತದೆ. ಸುತ್ತ ಕಾಂಕ್ರೀಟೇ ತುಂಬಿ 25ರಲ್ಲೇ ನಿಂತರೆ ರಾತ್ರಿ ಗಾಳಿಯ ಮೇಲೆ ಅಷ್ಟು ಭಾರ ಹಾಕದೆ ನೆರಳಿಗೆ ಹೆಚ್ಚು ಖರ್ಚು ಮಾಡಿ. ಆ ಪಟ್ಟಿಯನ್ನೂ, ಡಕ್ಟ್ ಮತ್ತು ಮೆಟ್ಟಿಲು ಎಲ್ಲಿ ಬರಬೇಕು ಅಂತ ಮಗಳೇ ಬಿಡಿಸಿದ ಸ್ಕೆಚ್ಚನ್ನೂ ಎಂಜಿನಿಯರ್ ಮುಂದಿಟ್ಟು, ಗಾಜಿನ ಮುಖಕ್ಕೆ ಎಷ್ಟು ಟನ್ ಎಸಿ ಬೇಕು, ಜಾಲಿ ಹಾಕಿದರೆ ಎಷ್ಟು ಟನ್ ಸಾಕು, ಎರಡನ್ನೂ ಲೆಕ್ಕ ಹಾಕಿ ಬರೆದುಕೊಡಿ ಅಂತ ಕೇಳಿ.